ಸೈಕಲ್ ಅಂಗಡಿಯಿಂದ ಕಾರ್ಖಾನೆಗೆ

ಕೃಷ್ಣಾ, ದೂಧಗಂಗಾ ಮತ್ತು ವೇದಗಂಗಾ ನದಿಗಳ ನೀರುಂಡ ಬೆಳಗಾವಿ ಜಿಲ್ಲೆಯ ಉತ್ತರ ಭಾಗವು ಕಬ್ಬಿಗೂ ತಂಬಾಕಿಗೂ ಹೆಸರಾದ ಸೀಮೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಇವು ಆ ಸೀಮೆಯ ಪ್ರಮುಖ ಊರುಗಳು. ಬೆಳಗಿನ ಹೊತ್ತು ಈ ಊರುಗಳತ್ತ ಸಾಗುವ ಯಾವ ದಾರಿಯಲ್ಲಿ ನಿಂತು ನೋಡಿದರೂ ಚಿಕ್ಕ ಮೋಟಾರ್ ಸೈಕಲ್ಲುಗಳು ಒಂದರ ಹಿಂದೊಂದು ಹೋಗುತ್ತಿರುವುದು ಕಾಣುತ್ತದೆ. ಒಂದರ ಎರಡು ಬದಿಗೆ ಹಾಲಿನ ಕ್ಯಾನುಗಳು ತೂಗುತ್ತಿರುತ್ತವೆ. ಇನ್ನೊಂದರ ಹಿಂಬದಿಯಲ್ಲಿ ಹಸಿ ಮೇವಿನ ಹೊರೆ ಇರುತ್ತದೆ. ಮತ್ತೊಂದರ ಮೇಲೆ ತಂದೆಯ ಬೆನ್ನಿಗಾತು ಕುಳಿತ ಮಗಳು ಶಾಲೆಗೆ ಹೊರಟಿರುತ್ತಾಳೆ. ಬೆಲೆಯಲ್ಲಿ ಮಿತವಾದ, ತೂಕದಲ್ಲಿ ಹಗುರವಾದ, ಅಲ್ಪ ಇಂಧನದಲ್ಲಿ ಬಹುದೂರ ಸಾಗುವ ಈ ವಾಹನವು ಇಂದು ರೈತನಿಗೆ, ಕೂಲಿಕಾರನಿಗೆ, ಶಿಕ್ಷಕನಿಗೆ ನಿತ್ಯದ ಒಡನಾಡಿಯಾಗಿದೆ. ಅದು ಎಷ್ಟು ಸಾಮಾನ್ಯವಾಗಿದೆಯೆಂದರೆ, ಅದಿಲ್ಲದ ಕಾಲವೊಂದಿತ್ತೆಂಬುದನ್ನೇ ಜನ ಮರೆತಿದ್ದಾರೆ.

ಸುಮಾರು 135 ವರ್ಷಗಳ ಹಿಂದೆ ಇದೇ ಜಿಲ್ಲೆಯಲ್ಲಿ ಯಂತ್ರವಿಲ್ಲದ ಬರಿಯ ಸೈಕಲ್ಲೂ ಒಂದು ವಿಸ್ಮಯವಾಗಿತ್ತು. ಕಾಲ್ನಡಿಗೆ, ಎತ್ತಿನ ಬಂಡಿ, ಕುದುರೆ ಇವೇ ಜನರಿಗೆ ತಿಳಿದ ಸಂಚಾರ ಸಾಧನಗಳು. ಎರಡೇ ಗಾಲಿಗಳ ಮೇಲೆ ಬೀಳದೆ ಕುಳಿತು ಮನುಷ್ಯನು ಸಾಗಬಲ್ಲನೆಂಬ ಮಾತನ್ನು ನಂಬುವವರೇ ವಿರಳರಾಗಿದ್ದರು. ಅಂಥ ದಿನಗಳಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯನ್ನು ತೆರೆದು, ಕೊಂಡವರಿಗೆ ಅದನ್ನು ಏರುವುದನ್ನೂ ಕಲಿಸುವ ಏರ್ಪಾಡು ಮಾಡಿ, ಅಲ್ಲಿಂದ ಮುಂದೆ ಭಾರತದ ಯಂತ್ರೋದ್ಯಮಕ್ಕೆ ಭದ್ರವಾದ ತಳಹದಿ ಹಾಕಿದ ಸಾಹಸಿ ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರರು.

ಲಕ್ಷ್ಮಣರಾಯರು 1869ನೆಯ ಇಸವಿ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಮರಾಠಿ ಸಂಗೀತ ನಾಟಕದ ಪ್ರವರ್ತಕರೆಂದು ಪ್ರಖ್ಯಾತರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದುದೂ ಅದೇ ಊರಿನಲ್ಲಿ. ಲಕ್ಷ್ಮಣರಾಯರ ತಂದೆ ಕಾಶೀನಾಥಪಂತರು ವೇದಾಂತದಲ್ಲಿ ಆಸಕ್ತರು. ಮಗನು ಚೆನ್ನಾಗಿ ಓದಿ ಮರ್ಯಾದೆಯ ನೌಕರಿಯೊಂದನ್ನು ಹಿಡಿಯಲೆಂಬುದು ಅಂದಿನ ಎಲ್ಲ ತಂದೆಯರ ಬಯಕೆಯಂತೆ ಅವರ ಬಯಕೆಯೂ ಆಗಿತ್ತು. ಬಾಲಕನ ಒಲವಾದರೋ ಬೇರೆಯಾಗಿತ್ತು. ಪುಸ್ತಕ ಹಿಡಿದು ಕುಳಿತಾಗ ಅಲೆಯುತ್ತಿದ್ದ ಮನಸ್ಸು ಚಿತ್ರ ಬರೆಯಲು ಕುಳಿತಾಗ ನಿಶ್ಚಲವಾಗುತ್ತಿತ್ತು. ಯಾವುದಾದರೂ ಯಂತ್ರ ಕಣ್ಣಿಗೆ ಬಿದ್ದರೆ ಅದರ ಒಳಗುಟ್ಟನ್ನು ಅರಿಯುವವರೆಗೆ ಅವರಿಗೆ ಸಮಾಧಾನವಿರುತ್ತಿರಲಿಲ್ಲ.

1885ರಲ್ಲಿ ಲಕ್ಷ್ಮಣರಾಯರು ಚಿತ್ರಕಲೆಯನ್ನು ಕಲಿಯಲು ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ತಂದೆಗೆ ಈ ದಾರಿ ಒಪ್ಪಿಗೆಯಾಗಲಿಲ್ಲ. ಅಣ್ಣನಾದ ರಾಮಚಂದ್ರರಾಯರು, ಅಂದರೆ ಮನೆಯವರೆಲ್ಲರ ರಾಮುಅಣ್ಣ, ತಮ್ಮನ ಬೆಂಬಲಕ್ಕೆ ನಿಂತರು. ಆದರೆ ಎರಡು ವರ್ಷ ಕಳೆಯುವಷ್ಟರಲ್ಲಿ ಅನಿರೀಕ್ಷಿತವಾದ ಆಘಾತವೊಂದು ಕಾದಿತ್ತು. ಕೆಲವು ಬಣ್ಣಗಳನ್ನು ಅವರ ಕಣ್ಣು ಗುರುತಿಸಲಾರದೆಂಬುದು ಬೆಳಕಿಗೆ ಬಂದಿತು. ವರ್ಣಾಂಧತೆಯಿದ್ದವನು ವರ್ಣಚಿತ್ರಕಾರನಾಗುವುದೆಂತು? ಬಾಲ್ಯದಿಂದ ಪೋಷಿಸಿಕೊಂಡು ಬಂದ ಕನಸು ಒಂದೇ ಗಳಿಗೆಯಲ್ಲಿ ಒಡೆದುಹೋಯಿತು.

ದುರ್ಬಲ ಮನಸ್ಸಿನವರಾಗಿದ್ದರೆ ಊರಿಗೆ ಮರಳಿ ವಿಧಿಯನ್ನು ಹಳಿಯುತ್ತ ಕೂಡುತ್ತಿದ್ದರು. ಲಕ್ಷ್ಮಣರಾಯರು ಎದೆಗುಂದಲಿಲ್ಲ. ಬಣ್ಣವು ಕೈಬಿಟ್ಟಿತಾದರೂ ರೇಖೆಯು ಕೈಬಿಟ್ಟಿರಲಿಲ್ಲ. ಯಂತ್ರಗಳ ನಕ್ಷೆಯನ್ನು ಬರೆಯಲು ಬಣ್ಣದ ಅಗತ್ಯವಿಲ್ಲ. ಬೇಕಾದುದು ಕರಾರುವಾಕ್ಕಾದ ಅಳತೆ ಮತ್ತು ಸ್ಥಿರವಾದ ಕೈ. ಅವರು ಯಂತ್ರರೇಖನದಲ್ಲಿ ಪರಿಣತಿಯನ್ನು ಪಡೆದು, ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ವಿದ್ಯಾಲಯದಲ್ಲಿ ಅದೇ ವಿಷಯದ ಸಹಾಯಕ ಶಿಕ್ಷಕರಾದರು. ಪಾಠ ಮುಗಿದ ಮೇಲೆ ಅವರ ಕಾಲ ವಿದ್ಯಾಲಯದ ಗ್ರಂಥಾಲಯದಲ್ಲಿಯೂ ಕಾರ್ಯಾಗಾರದಲ್ಲಿಯೂ ಕಳೆಯುತ್ತಿತ್ತು. ಅಮೆರಿಕದ ಯಂತ್ರಶಾಸ್ತ್ರ ಪತ್ರಿಕೆಗಳನ್ನು ಓದಿ, ಓದಿದುದನ್ನು ಕೈಯಾರೆ ಮಾಡಿ ನೋಡಿ, ಅವರು ತಮಗೆ ತಾವೇ ಗುರುವಾದರು.

ಹೀಗಿರುವಾಗ ಒಂದು ದಿನ ಮುಂಬಯಿಯ ಬೀದಿಯಲ್ಲಿ ಒಬ್ಬನು ಸೈಕಲ್ ಏರಿ ಹೋಗುತ್ತಿದ್ದುದನ್ನು ಅವರು ಕಂಡರು. ಆ ವಾಹನವು ಆಗ ಇಂಗ್ಲೆಂಡಿನಲ್ಲಿಯೇ ಹೊಸತಾಗಿತ್ತು. ಅದಕ್ಕೆ ಹಿಂದಿನ ಸೈಕಲ್ಲುಗಳ ಮುಂಗಾಲಿ ಆಳೆತ್ತರವಾಗಿದ್ದು ಹಿಂಗಾಲಿ ಕಿರಿದಾಗಿರುತ್ತಿತ್ತು. ಮುಂಗಾಲಿಯ ಮೇಲೆ ಎತ್ತರದಲ್ಲಿ ಕುಳಿತವನು ಸ್ವಲ್ಪ ಎಡವಿದರೂ ತಲೆಕೆಳಗಾಗಿ ಬೀಳುತ್ತಿದ್ದನು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬ ಆಂಗ್ಲ ತಯಾರಕನು ಹೆಚ್ಚುಕಡಮೆ ಸಮಾನ ಅಳತೆಯ ಎರಡು ಗಾಲಿಗಳನ್ನಿಟ್ಟು, ಪೆಡಲಿನ ಬಲವನ್ನು ಸರಪಳಿಯ ಮೂಲಕ ಹಿಂಗಾಲಿಗೆ ಒಯ್ಯುವ ಸೈಕಲ್ಲನ್ನು ಹೊರತಂದನು. ಸವಾರನು ನೆಲಕ್ಕೆ ಕಾಲೂರಿ ನಿಲ್ಲಬಹುದಾದುದರಿಂದ ಅದು ಅಪಾಯವಿಲ್ಲದ ಸೈಕಲ್ಲೆಂದು ಹೆಸರಾಯಿತು. 1888ರಲ್ಲಿ ಡನ್‌ಲಪ್ ಎಂಬ ಪಶುವೈದ್ಯನು ಗಾಳಿ ತುಂಬಿದ ರಬ್ಬರಿನ ಟೈರನ್ನು ರೂಪಿಸಿದ ಮೇಲೆ ಸವಾರಿಯ ಕುಲುಕಾಟವೂ ತಗ್ಗಿತು. ಇಂದಿನ ಮೋಟಾರ್ ಸೈಕಲ್ಲಿನ ಮೈಕಟ್ಟಿನಲ್ಲಿಯೂ ಸ್ಟಾರ್ಲಿಯ ಸೈಕಲ್ಲಿನ ಈ ವಿನ್ಯಾಸವೇ ಅಡಗಿದೆ.

ಆ ಸವಾರನನ್ನು ಅನೇಕರು ಕಂಡಿರಬೇಕು. ನೋಡಿದವರು ಬೆರಗಾಗಿ ತಮ್ಮ ದಾರಿ ಹಿಡಿದರು. ಲಕ್ಷ್ಮಣರಾಯರಿಗೆ ಮಾತ್ರ ಅದರಲ್ಲಿ ಮುಂದಿನ ಕಾಲವು ಗೋಚರವಾಯಿತು. ಕುದುರೆಗೆ ಹುಲ್ಲು, ಹುರುಳಿ, ಲಾಯ, ಆಳು ಎಲ್ಲವೂ ಬೇಕು. ಸೈಕಲ್ಲಿಗೆ ಇವಾವುವೂ ಬೇಡ; ಆಗಾಗ ನಾಲ್ಕು ಹನಿ ಎಣ್ಣೆ ಸಾಕು. ಇಂಥ ವಾಹನವು ನಮ್ಮ ಊರುಗಳಿಗೂ ಬರಬೇಕೆಂದು ಅವರಿಗೆ ಅನ್ನಿಸಿತು. ಅಣ್ಣನೊಡನೆ ಆಲೋಚಿಸಿ 1888ರಲ್ಲಿ ಬೆಳಗಾವಿಯಲ್ಲಿ ಒಂದು ಚಿಕ್ಕ ಸೈಕಲ್ ಅಂಗಡಿಯನ್ನು ತೆರೆದರು. ಅದಕ್ಕೆ ಕಿರ್ಲೋಸ್ಕರ ಸೋದರರು ಎಂಬ ಹೆಸರಾಯಿತು. ತಮ್ಮನು ಮುಂಬಯಿಯಲ್ಲಿ ಸೈಕಲ್ಲುಗಳನ್ನು ಕೊಂಡು ಕಳುಹಿಸುವುದು, ಅಣ್ಣನು ಬೆಳಗಾವಿಯಲ್ಲಿ ಮಾರುವುದು ಎಂದು ಕೆಲಸವನ್ನು ಹಂಚಿಕೊಂಡರು.

ಆ ಕಾಲದಲ್ಲಿ ಒಂದು ಸೈಕಲ್ಲಿನ ಬೆಲೆ 700ರಿಂದ 1000 ರೂಪಾಯಿಯಷ್ಟಿತ್ತು. ಅಂದಿನ ಲೆಕ್ಕದಲ್ಲಿ ಅದು ದೊಡ್ಡ ಸಂಪತ್ತು. ಆದುದರಿಂದ ಉಳ್ಳವರಲ್ಲದೆ ಇತರರು ಅದರ ಬಳಿಗೆ ಸುಳಿಯುವಂತಿರಲಿಲ್ಲ. ಹಣವಿದ್ದವರಿಗೂ ಅದನ್ನು ಏರಲು ಬಾರದು. ಏರಲು ಬಾರದ ವಾಹನವನ್ನು ಯಾರು ತಾನೆ ಕೊಂಡಾರು? ಸೋದರರು ಈ ತೊಡಕನ್ನೇ ತಮ್ಮ ಬಂಡವಾಳವಾಗಿಸಿಕೊಂಡರು. ಸವಾರಿ ಕಲಿಯಬಯಸಿದವರಿಗೆ 15 ರೂಪಾಯಿ ಪಡೆದು ಕಲಿಸುವ ವ್ಯವಸ್ಥೆಯನ್ನು ಮಾಡಿದರು. ಯಂತ್ರವನ್ನು ಮಾರಿದರೆ ಕೆಲಸ ಮುಗಿಯುವುದಿಲ್ಲ. ಅದನ್ನು ಬಳಸುವ ಬಗೆಯನ್ನು ತಿಳಿಸಬೇಕು, ಕೆಟ್ಟಾಗ ರಿಪೇರಿಗೆ ಒದಗಬೇಕು, ಬೇಕಾದ ಬಿಡಿಭಾಗವು ಕೈಗೆ ಸಿಗುವಂತಿರಬೇಕು. ಸೈಕಲ್ ವ್ಯಾಪಾರದಲ್ಲಿ ಅಡಗಿದ್ದ ಈ ಪಾಠವೇ ಲಕ್ಷ್ಮಣರಾಯರ ಮುಂದಿನ ಬದುಕಿನ ಸೂತ್ರವಾಯಿತು.

ಮುಂಬಯಿಯ ಶಿಕ್ಷಕವೃತ್ತಿಯಲ್ಲಿ ಅವರು ನಿಷ್ಠೆಯಿಂದ ದುಡಿಯುತ್ತಿದ್ದರು. ಬಡ್ತಿಯ ಸಮಯ ಬಂದಾಗ ಅರ್ಹರಾದ ಅವರನ್ನು ಬದಿಗಿಟ್ಟು ಆಂಗ್ಲೋ ಇಂಡಿಯನ್ ಒಬ್ಬನಿಗೆ ಆ ಸ್ಥಾನವನ್ನು ಕೊಡಲಾಯಿತು. ಪರಕೀಯರ ಆಳ್ವಿಕೆಯಲ್ಲಿ ಇಂಥ ಅನ್ಯಾಯಗಳು ಅಪರೂಪವಾಗಿರಲಿಲ್ಲ. ಸಂಸಾರದ ಹೊಣೆಯನ್ನು ನೆನೆದು ಅನೇಕರು ಅದನ್ನು ನುಂಗಿಕೊಳ್ಳುತ್ತಿದ್ದರು. ಲಕ್ಷ್ಮಣರಾಯರು ನುಂಗಿಕೊಳ್ಳಲಿಲ್ಲ. ಇನ್ನು ಮೇಲೆ ಯಾರ ಕೈಕೆಳಗೂ ದುಡಿಯಬಾರದೆಂದು ನಿಶ್ಚಯಿಸಿ, 1897ರಲ್ಲಿ ನೌಕರಿಗೆ ರಾಜೀನಾಮೆಯಿತ್ತು ಬೆಳಗಾವಿಗೆ ಬಂದರು. ಕೈಯಲ್ಲಿದ್ದ ಸಂಬಳ ಹೋಯಿತು. ಮುಂದಿದ್ದುದು ಚಿಕ್ಕದೊಂದು ಸೈಕಲ್ ಅಂಗಡಿ ಮಾತ್ರ. ಆ ಅಂಗಡಿಯಿದ್ದ ಬೀದಿಯು ಇಂದಿಗೂ ಬೆಳಗಾವಿಯಲ್ಲಿ ಕಿರ್ಲೋಸ್ಕರ ರಸ್ತೆಯೆಂಬ ಹೆಸರಿನಿಂದ ಪ್ರಸಿದ್ಧವಾಗಿದೆ.

ಬೆಳಗಾವಿಯಲ್ಲಿ ನೆಲೆಸಿದ ಮೇಲೆ ಅವರ ಗಮನವು ಸುತ್ತಲಿನ ಹಳ್ಳಿಗಳತ್ತ ಹರಿಯಿತು. ಸೈಕಲ್ ಕೊಳ್ಳುವವರು ಊರಿಗೆ ನಾಲ್ಕಾರು ಮಂದಿ. ಹೊಲ ಉಳುವವರು ಊರೆಲ್ಲ. ಆ ಬಹುಜನರ ಶ್ರಮವನ್ನು ಹಗುರಗೊಳಿಸುವ ಯಂತ್ರ ಯಾವುದೆಂದು ಅವರು ಚಿಂತಿಸಿದರು. ಗಾಳಿಯ ಬಲದಿಂದ ನೀರೆತ್ತುವ ಯಂತ್ರಗಳನ್ನು ಮಾರಿದರು. ಚಿಕ್ಕದೊಂದು ಕಾರ್ಯಾಗಾರವನ್ನು ಹೂಡಿ ಮೇವು ಕತ್ತರಿಸುವ ಯಂತ್ರವನ್ನು ತಾವೇ ತಯಾರಿಸಿದರು. ಜೋಳದ ಕಣಿಕೆಯನ್ನು ಇಡಿಯಾಗಿ ಹಾಕಿದರೆ ದನಗಳು ಎಲೆಯನ್ನು ತಿಂದು ದಂಟನ್ನು ತುಳಿದು ಕೆಡಿಸುತ್ತವೆ. ಸಣ್ಣಗೆ ಕತ್ತರಿಸಿ ಹಾಕಿದರೆ ಅಷ್ಟೇ ಮೇವು ಹೆಚ್ಚು ದಿನ ಬಾಳುತ್ತದೆ. ಮೇವಿನ ಬರವಿರುವ ಬಯಲುಸೀಮೆಗೆ ಇದು ಅತ್ಯಂತ ಉಪಯುಕ್ತವಾದ ಸಾಧನವಾಗಿತ್ತು.

ಅನಂತರ ಅವರು ಕೈಗೊಂಡುದು ಕಬ್ಬಿಣದ ನೇಗಿಲನ್ನು. 1903ರಲ್ಲಿ ಅದು ಸಿದ್ಧವಾಯಿತು. ಕಟ್ಟಿಗೆಯ ನೇಗಿಲು ಭೂಮಿಯನ್ನು ಮೇಲೆ ಮೇಲೆ ಕೆರೆಯುತ್ತದೆ. ಕಬ್ಬಿಣದ ನೇಗಿಲು ಆಳಕ್ಕಿಳಿದು ಮಣ್ಣನ್ನು ಮಗುಚಿ, ಕರಿಕೆಯಂಥ ಕಳೆಗಳ ಬೇರನ್ನು ಕೀಳುತ್ತದೆ. ಇಷ್ಟೆಲ್ಲ ಅನುಕೂಲವಿದ್ದರೂ ರೈತರು ಅದನ್ನು ಮುಟ್ಟಲಿಲ್ಲ. ಕಬ್ಬಿಣವು ಭೂಮಿಗೆ ವಿಷವೆಂಬ ಭಯವು ಅವರಲ್ಲಿ ಬೇರೂರಿತ್ತು. ಮೊದಲನೆಯ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಎರಡು ವರ್ಷಗಳ ಕಾಲ ಮಾಡಿಟ್ಟ ವಸ್ತು ಕಣ್ಣೆದುರಿಗೆ ಬಿದ್ದಿರುವಾಗ ಧೈರ್ಯಗೆಡದಿರುವುದು ಸುಲಭವಲ್ಲ. ರೈತನನ್ನು ಮೂಢನೆಂದು ಜರೆದು ಕೈಚೆಲ್ಲುವುದು ಸುಲಭವಾಗಿತ್ತು. ಲಕ್ಷ್ಮಣರಾಯರು ಹಾಗೆ ಮಾಡಲಿಲ್ಲ. ಒಂದೇ ಹೊಲವನ್ನು ನಂಬಿ ಬದುಕುವವನಿಗೆ ಹೊಸತನ್ನು ಕುರಿತು ಅಳುಕಿರುವುದು ಸಹಜ. ಆ ಅಳುಕು ಉಪದೇಶದಿಂದ ಹೋಗುವುದಿಲ್ಲ. ಕಣ್ಣಾರೆ ಕಂಡಾಗ ಹೋಗುತ್ತದೆ. ಸೈಕಲ್ಲಿನ ಭಯವು ಸವಾರಿ ಕಲಿತಾಗ ಹೋದಂತೆ ನೇಗಿಲಿನ ಭಯವೂ ಉತ್ತು ನೋಡಿದಾಗ ಹೋಯಿತು. ಕ್ರಮೇಣ ಕಿರ್ಲೋಸ್ಕರ ನೇಗಿಲು ಕೃಷ್ಣಾತೀರದ ಹೊಲಗಳಲ್ಲಿ ಮನೆಮಾತಾಯಿತು.

ಬೇಡಿಕೆ ಬೆಳೆಯುತ್ತಿದ್ದಂತೆಯೇ ಹೊಸ ಸಂಕಟವೊಂದು ಎದುರಾಯಿತು. ನಗರದ ವಿಸ್ತರಣೆಗಾಗಿ ಕಾರ್ಯಾಗಾರದ ಜಾಗವನ್ನು ತೆರವು ಮಾಡಬೇಕೆಂಬ ಆಜ್ಞೆ ಬಂದಿತು. ಬೇರೆಡೆ ಸ್ಥಳ ಕೊಳ್ಳಲು ಹಣವಿರಲಿಲ್ಲ. ಅದೇ ಸಮಯದಲ್ಲಿ ಅವರಿಗೆ ಔಂಧ್ ಸಂಸ್ಥಾನದಲ್ಲಿ ದೇವಾಲಯದ ಸಭಾಮಂಟಪವನ್ನು ಕಟ್ಟಿಸುವ ಕೆಲಸ ದೊರೆತಿತ್ತು. ಅಲ್ಲಿಯ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಸ್ವತಃ ಚಿತ್ರಕಲಾವಿದರು, ಗುಣಗ್ರಾಹಿಗಳು. ಲಕ್ಷ್ಮಣರಾಯರ ಕಷ್ಟವನ್ನು ಅರಿತ ಅವರು ತಮ್ಮ ಸಂಸ್ಥಾನದ ಕುಂಡಲ ರೋಡ್ ರೈಲುನಿಲ್ದಾಣದ ಬಳಿ 32 ಎಕರೆ ಬರಡು ಭೂಮಿಯನ್ನೂ ಬಡ್ಡಿಯಿಲ್ಲದೆ 10,000 ರೂಪಾಯಿ ಸಾಲವನ್ನೂ ಕೊಟ್ಟರು.

1910ರಲ್ಲಿ ಲಕ್ಷ್ಮಣರಾಯರು ಬೆಳಗಾವಿಯನ್ನು ಬಿಟ್ಟು ಆ ಬಯಲಿಗೆ ಹೊರಟರು. ಬೆಳಗಾವಿಯಿಂದ ಅಲ್ಲಿಗೆ ಹೋಗುವ ರೈಲುಮಾರ್ಗವು ಘಟಪ್ರಭಾ ದಾಟಿ ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ, ಉಗಾರ, ಶೇಡಬಾಳಗಳ ಮೂಲಕ ಮೀರಜಕ್ಕೆ ಸಾಗುತ್ತದೆ. ಮೀರಜದಿಂದ ಮುಂದೆ ಪುಣೆಯ ದಾರಿಯಲ್ಲಿ ಕುಂಡಲ ರೋಡ್ ಸಿಗುತ್ತದೆ. ಅವರು ತಲುಪಿದ ನೆಲದಲ್ಲಿ ಪಾಪಾಸುಕಳ್ಳಿಯೂ ನಾಗರಹಾವುಗಳೂ ಹೊರತು ಬೇರೇನೂ ಇರಲಿಲ್ಲ. ಅವರೊಡನೆ ಇದ್ದವರು ಇಪ್ಪತ್ತೈದು ಮಂದಿ ಕೆಲಸಗಾರರು ಮತ್ತು ಅವರ ಕುಟುಂಬದವರು. ಕಳ್ಳಿ ಕಡಿದು, ಗುಡಿಸಲು ಹಾಕಿ, ನೀರಿನ ನೆಲೆಯನ್ನು ಕಂಡುಕೊಂಡು, ಅವರು ಅಲ್ಲಿ ಕಾರ್ಖಾನೆಯ ಜೊತೆಗೆ ಒಂದು ಊರನ್ನೇ ಕಟ್ಟಿದರು. ಆ ಊರು ಕಿರ್ಲೋಸ್ಕರವಾಡಿಯೆಂದು ಹೆಸರಾಯಿತು. ಮುಂದೆ ರೈಲುನಿಲ್ದಾಣಕ್ಕೂ ಅದೇ ಹೆಸರು ಬಂದಿತು.

1914ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾದಾಗ ಹೊರನಾಡಿನಿಂದ ಕಬ್ಬಿಣ ಬರುವುದು ದುರ್ಲಭವಾಯಿತು. ಕಾರ್ಖಾನೆಯ ಕುಲುಮೆ ಆರುವ ಪ್ರಸಂಗ ಒದಗಿತು. ಆಗ ಕೊಲ್ಲಾಪುರದ ಶಾಹು ಮಹಾರಾಜರು ಬಳಕೆಯಿಲ್ಲದೆ ಬಿದ್ದಿದ್ದ ಹಳೆಯ ಫಿರಂಗಿಗಳನ್ನು ಕರಗಿಸಲು ಕೊಟ್ಟರೆಂದು ಹೇಳುತ್ತಾರೆ. ಕಲ್ಲಿದ್ದಲು ಸಿಗದಾದಾಗ ಕಟ್ಟಿಗೆಯ ಇದ್ದಿಲಿನಿಂದಲೇ ಕೆಲಸ ನಡೆಸಿದರು. ಕೊಲ್ಲಲು ಮಾಡಿದ ಲೋಹವು ಹೀಗೆ ಅನ್ನ ಬೆಳೆಯುವ ನೇಗಿಲಾಯಿತು. 1920ರಲ್ಲಿ ಕಿರ್ಲೋಸ್ಕರ ಸೋದರರ ಸಂಸ್ಥೆಯು ನಿಯಮಿತ ಕಂಪನಿಯಾಗಿ ನೋಂದಣಿಗೊಂಡಿತು. ನೇಗಿಲಿನ ಜೊತೆಗೆ ಕಬ್ಬಿನ ಗಾಣ, ನೀರೆತ್ತುವ ಪಂಪು ಮುಂತಾದವು ಅಲ್ಲಿ ತಯಾರಾಗತೊಡಗಿದವು. ಅಮೆರಿಕದಲ್ಲಿ ಯಂತ್ರಶಾಸ್ತ್ರವನ್ನು ಕಲಿತು ಬಂದ ಹಿರಿಯ ಮಗ ಶಂತನುರಾಯರು ತಂದೆಯ ಕೆಲಸಕ್ಕೆ ಹೆಗಲು ಕೊಟ್ಟರು. ಕರ್ನಾಟಕದ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ ಕಾರ್ಖಾನೆಯೂ, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ ಎಲೆಕ್ಟ್ರಿಕ್ ಸಂಸ್ಥೆಯೂ ಸ್ಥಾಪನೆಗೊಂಡವು.

ಯಂತ್ರದಲ್ಲಿ ದೋಷವಿದ್ದರೆ ತಿದ್ದಬಹುದೆಂದು ಬಲ್ಲ ಲಕ್ಷ್ಮಣರಾಯರು ಮನುಷ್ಯನ ವಿಷಯದಲ್ಲಿಯೂ ಅದೇ ವಿಶ್ವಾಸವನ್ನು ತಳೆದಿದ್ದರು. ತಮ್ಮ ಊರಿನಲ್ಲಿ ಅಸ್ಪೃಶ್ಯತೆಗೆ ಎಡೆಗೊಡಲಿಲ್ಲ. ಸೆರೆಮನೆಯಿಂದ ಬಿಡುಗಡೆಯಾಗಿ ಬಂದವರಿಗೆ ರಾತ್ರಿಯ ಕಾವಲಿನ ಕೆಲಸವನ್ನು ಒಪ್ಪಿಸಿದರು. ನಂಬಿಕೆಗೆ ಪಾತ್ರನಾದವನು ನಂಬಿಕೆಯನ್ನು ಉಳಿಸಿಕೊಳ್ಳುತ್ತಾನೆಂಬುದು ಅವರ ದೃಢವಾದ ಎಣಿಕೆಯಾಗಿತ್ತು.

ಬಾಳಿನ ಸಂಜೆಯಲ್ಲಿ ಅವರಿಗೆ ಇನ್ನೊಂದು ಕಠಿನ ಪರೀಕ್ಷೆ ಒದಗಿತು. 1948ರಲ್ಲಿ ಗಾಂಧೀಜಿಯವರ ಹತ್ಯೆಯ ಅನಂತರ ಹಬ್ಬಿದ ಗಲಭೆಯ ಕಿಚ್ಚು ಕಿರ್ಲೋಸ್ಕರವಾಡಿಯನ್ನೂ ಮುಟ್ಟಿತು. ಸುಮಾರು ನಾಲ್ಕು ದಶಕಗಳ ದುಡಿಮೆಯ ಫಲವಾದ ಕಾರ್ಖಾನೆಗೆ ಬೆಂಕಿ ಬಿದ್ದಿತು. ಆಗ ಅವರಿಗೆ 78 ವರ್ಷ. ಕಿರ್ಲೋಸ್ಕರವಾಡಿ ಆ ಪೆಟ್ಟಿನಿಂದ ಅಳಿಯಲಿಲ್ಲ. ಕಾರ್ಖಾನೆ ಮತ್ತೆ ತಲೆಯೆತ್ತಿ ನಿಂತಿತು. 1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾಯರು ಕಾಲವಶರಾದರು. 1969ರಲ್ಲಿ ಅವರ ಜನ್ಮಶತಾಬ್ದಿಯಂದು ಭಾರತ ಸರ್ಕಾರವು ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರಡಿಸಿತು.

ಅವರು ತೀರಿಕೊಂಡ 1956ರಲ್ಲಿಯೇ ಪಂಜಾಬಿನ ಲೂಧಿಯಾನದಲ್ಲಿ ಹೀರೋ ಸೈಕಲ್ ಸಂಸ್ಥೆಯು ಆರಂಭವಾಯಿತು. ಒಂದು ಕಾಲಕ್ಕೆ ಶ್ರೀಮಂತರ ಬೆಡಗಿನ ವಸ್ತುವಾಗಿದ್ದ ಸೈಕಲ್ಲು ದೇಶೀಯ ಕಾರ್ಖಾನೆಗಳ ದೆಸೆಯಿಂದ ಬಡವನ ಮನೆಯ ಬಾಗಿಲಿಗೆ ಬಂದಿತು. ಸೈಕಲ್ಲಿನಿಂದ ಮೋಟಾರ್ ಸೈಕಲ್ಲಿಗೆ ಇರುವ ದಾರಿಯೂ ದೀರ್ಘವಲ್ಲ. ಜಪಾನಿನ ಸೋಯಿಚಿರೋ ಹೋಂಡಾ ಎರಡನೆಯ ಮಹಾಯುದ್ಧವು ಮುಗಿದ ಮೇಲೆ, 1946ರಲ್ಲಿ, ಸೇನೆಯಲ್ಲಿ ಉಳಿದಿದ್ದ ಪುಟ್ಟ ಎಂಜಿನುಗಳನ್ನು ಸೈಕಲ್ಲಿಗೆ ಜೋಡಿಸಿಯೇ ತನ್ನ ಉದ್ಯಮವನ್ನು ಆರಂಭಿಸಿದನು. ಭಾರತದಲ್ಲಿ 1972ರಲ್ಲಿ ಲೂನಾ, 1980ರಲ್ಲಿ ಹೊಸೂರಿನ ಟಿ.ವಿ.ಎಸ್. 50 ಎಂಬ ಹಗುರ ವಾಹನಗಳು ಬಂದವು. ಸೈಕಲ್ ತಯಾರಿಸುತ್ತಿದ್ದ ಹೀರೋ ಬಳಗವು ಹೋಂಡಾ ಸಂಸ್ಥೆಯೊಡನೆ ಕೂಡಿ 1985ರಲ್ಲಿ ಮಿತವಾಗಿ ಪೆಟ್ರೋಲು ಬಳಸುವ 100 ಸಿ.ಸಿ.ಯ ಮೋಟಾರ್ ಸೈಕಲ್ಲನ್ನು ಮಾರುಕಟ್ಟೆಗೆ ತಂದಿತು. ಅಲ್ಲಿಂದಾಚೆಗೆ ಇಂಥ ವಾಹನಗಳು ಹಳ್ಳಿಹಳ್ಳಿಗೂ ಹರಡಿದವು.

ಲಕ್ಷ್ಮಣರಾಯರು ಮೋಟಾರ್ ಸೈಕಲ್ಲುಗಳನ್ನು ತಯಾರಿಸಲಿಲ್ಲ. ಆದರೆ ಅವು ಏಕೆ ಜನಪ್ರಿಯವಾದವೆಂಬುದಕ್ಕೆ ಉತ್ತರವು ಅವರ ಬದುಕಿನಲ್ಲಿದೆ. ಜನರಿಗೆ ಬೇಕಾದುದು ಬೆಡಗಿನ ಯಂತ್ರವಲ್ಲ. ತಮ್ಮ ಸಂಪಾದನೆಗೆ ನಿಲುಕುವ, ತಮ್ಮ ಕೈಗೆ ಒಗ್ಗುವ, ಕೆಟ್ಟರೆ ತಮ್ಮೂರಿನಲ್ಲಿಯೇ ಸರಿಪಡಿಸಬಹುದಾದ, ದಿನದ ದುಡಿಮೆಯನ್ನು ಹಗುರಗೊಳಿಸುವ ಯಂತ್ರ ಅವರಿಗೆ ಬೇಕು. ಬಣ್ಣಗಳನ್ನು ಗುರುತಿಸಲಾರದ ಕಣ್ಣು ಈ ಅಗತ್ಯವನ್ನು ಎಲ್ಲರಿಗಿಂತ ಮೊದಲೇ ಗುರುತಿಸಿತು. ಚಿಕ್ಕೋಡಿಯಿಂದ ಕಾಗವಾಡದವರೆಗಿನ ದಾರಿಗಳಲ್ಲಿ ಹಾಲಿನ ಕ್ಯಾನುಗಳನ್ನು ಹೊತ್ತು ಸಾಗುವ ಚಿಕ್ಕ ವಾಹನಗಳ ಹಿಂದೆ, ಎರಡು ಗಾಲಿಗಳ ಮೇಲೆ ನಂಬಿಕೆಯಿಟ್ಟು ಇದೇ ಜಿಲ್ಲೆಯಲ್ಲಿ ಅಂಗಡಿ ತೆರೆದ ಒಬ್ಬ ಶಿಕ್ಷಕನ ದೂರದೃಷ್ಟಿಯೂ ಇದೆ.